ಸಮಾಧಿಯ ಉಪ್ಪು

ನವೆಂಬರ್ 12, ಮಂಗಳವಾರ

ಮನೆಗೆ ಬಂದೆ. ಶನಿವಾರಸಂತೆಯಿಂದ ಕರ್ಕೊಂಡು ಬಂದ ಆಟೋದವನು ದಾರಿಯುದ್ದಕ್ಕೂ ಜೋರಾಗಿ ಓಡಿಸಿದ. ಹಾಲಿನ ಡೈರಿ ದಾಟಿ ತಿರುವು ಬಂದಾಗ ಮಾತ್ರ ಗಾಡಿ ನಿಧಾನ ಮಾಡಿದ. ಅಣ್ಣ ಬಿದ್ದಿದ್ದು ಅಲ್ಲೇ ಅಂತ ಗೊತ್ತಾಯ್ತು. ನಾನು ಬ್ಯಾಗಿನ ಜಿಪ್ಪು ನೋಡಿಕೊಂಡು ಕೂತೆ.

ಅಣ್ಣನ ಕಾರ್ಯ ಎಲ್ಲ ಮುಗಿದುಹೋಗಿದೆ. ಶ್ರೀಲಂಕಾದಲ್ಲಿ ನಾವಿದ್ದ ಕೆರೆ ಹತ್ತಿರ ಫೋನ್ ಸಿಗ್ತಿರಲಿಲ್ಲ. ಸುದ್ದಿ ಮುಟ್ಟುವ ಹೊತ್ತಿಗೆ ಮಣ್ಣು ಮಾಡಿ ಆಗಿತ್ತು. ಆಮೇಲೆ ಟಿಕೆಟ್ಟಿಗೆ ಕಾದಿದ್ದು, ಪಾಸ್‌ಪೋರ್ಟಿಗೆ ಏನೋ ಸೀಲು ಅಂತ ಕಾದಿದ್ದು. ವಿಮಾನದಲ್ಲಿ ಪೂರ್ತಿ ಒಂದೇ ಯೋಚನೆ, ಅವ್ವನ ಬಿಪಿ ಮಾತ್ರೆ ಯಾರು ಕೊಡ್ತಿದಾರೋ ಅಂತ. ಸತ್ತಿರೋದು ಅಣ್ಣ, ನನ್ನ ಚಿಂತೆ ಮಾತ್ರೆದು. ನನ್ನ ತಲೆ ಇಂಥದೇ.

ಹಾಲಿನ ಕ್ಯಾನು ತಗೊಂಡು ಬೆಳಗಿನ ಮಬ್ಬಿಗೆ ಹೋಗಿದ್ದನಂತೆ. ಆ ತಿರುವಲ್ಲಿ ಆನೆ. ಆಗಿದ್ದು ಯಾರೂ ನೋಡಿಲ್ಲ. ನಾನು ಊರಲ್ಲಿದ್ದಾಗ ಒಂದು ಸಂಸ್ಥೆ ಪರವಾಗಿ, ಆನೆ ಎಲ್ಲಿದೆ ಅಂತ ಬೆಳಿಗ್ಗೆ ಮನೆಮನೆಗೆ ಫೋನ್ ಮಾಡೋ ಕೆಲಸ ನನ್ನದು. ಆ ಸಂಸ್ಥೆಯವರೇ ನನ್ನನ್ನ ಶ್ರೀಲಂಕಾಕ್ಕೆ ಕಳಿಸಿದ್ದು, ಅಲ್ಲಿ ಆನೆಗೂ ಜನಕ್ಕೂ ಜಗಳ ಆಗದ ಹಾಗೆ ಹೆಂಗೆ ಕಾಯ್ತಾರೆ ನೋಡ್ಕೊಂಡು, ಅವರ ಜೊತೆ ದುಡಿದು ಬಾ ಅಂತ. ಸಂಬಳ ಇಲ್ಲ, ಊಟ ವಸತಿ ಅವರದು. ಎಂಟನೇ ಕ್ಲಾಸಿಗೆ ಬಿಟ್ಟವಳು, ಆಮೇಲೆ ಪ್ರೈವೇಟಾಗಿ ಎಸ್ಸೆಲ್ಸಿ ಕಟ್ಟಿ ಲೆಕ್ಕದಲ್ಲಿ ಬಿದ್ದವಳು, ನಂಗೆ ಫಾರಿನ್ನು. ಹೋಗು ಹೋಗು ಅಂತ ತಳ್ಳಿದ್ದೇ ಅಣ್ಣ. ನಾನು ಹೋದ ಮೇಲೆ ಫೋನ್ ಬದಲು ವಾಟ್ಸಾಪ್ ಗ್ರೂಪಿಗೆ ಮೆಸೇಜು ಹಾಕ್ತಿದ್ರಂತೆ. ಅಣ್ಣ ಗ್ರೂಪು ನೋಡೋನಲ್ಲ.

ಪಕ್ಕದ ಮನೆ ವನಜಮ್ಮ ನನ್ನ ಮುಂದೇನೇ ಅವ್ವನಿಗೆ ಅಂದಳು. "ಇವಳು ಅಲ್ಲಿಗೆ ಹೋಗಿ ಆನೆ ಕಾದ್ಲು. ಇಲ್ಲಿ ಆನೆ ಇವಳ ಅಣ್ಣನ್ನ ಕಾಯ್ಕೊಂಡು ನಿಂತಿತ್ತು, ನೋಡು ಸುಲೋಚನಮ್ಮ."

ಅತ್ತಿಗೆ ಒಲೆ ಮುಂದೆ ಕೂತಿದ್ದವರು ತಿರುಗಿ ಕೂಡ ನೋಡಲಿಲ್ಲ.

ನವೆಂಬರ್ 14, ಗುರುವಾರ

ಅತ್ತಿಗೆ ನನ್ನ ಹತ್ತಿರ ಇನ್ನೂ ಮಾತಾಡಿಲ್ಲ. ನಾನು ಬಚ್ಚಲಿಗೆ ಹೋದರೆ ಅವರು ಹಿತ್ತಲಿಗೆ ಹೋಗ್ತಾರೆ. ನಾನು ಹಿತ್ತಲಿಗೆ ಹೋದರೆ ಕೊಟ್ಟಿಗೆಗೆ. ಮದುವೆಯಾಗಿ ನಾಲ್ಕು ವರ್ಷ, ಮಕ್ಕಳಿಲ್ಲ. ಅವರಣ್ಣ ಕೊಡ್ಲಿಪೇಟೆಯಿಂದ ಬಂದು ತವರಿಗೆ ಬಾ ಭವ್ಯ ಅಂತ ಕರೆದಿದ್ದಕ್ಕೆ, ಹಸು ಯಾರು ನೋಡ್ತಾರೆ ಅಂದರಂತೆ. ಇವರು ಹೋಗಿಬಿಟ್ಟರೆ ಅವ್ವನಿಗೆ ಯಾರು? ನಾನಿದ್ದೀನಿ, ಆದರೆ ನನ್ನ ಮುಖ ನೋಡಿದರೆ ಅವ್ವನಿಗೂ ಅಣ್ಣ ನೆನಪಾಗ್ತಾನೆ. ಇವತ್ತು ಬಾಗಿಲ ಚಿಲಕ ಐದಾರು ಸಲ ಎದ್ದು ನೋಡಿದೆ. ಗ್ಯಾಸ್ ಕೂಡ.

ಸಂಜೆಗೆ ಮುಂಚೆ ತಿರುವಿನ ಹತ್ತಿರ ಹೋಗಿ ಬಂದೆ. ಜನ ತುಳಿದು ತುಳಿದು ಏನೂ ಉಳಿದಿಲ್ಲ. ಮೋರಿ ಪಕ್ಕ ಮಾತ್ರ ಕೆಸರು ಒಣಗಿ ಒಂದು ಹಿಂಗಾಲಿನ ಹೆಜ್ಜೆ ಹಾಗೇ ಇದೆ. ಹೆಜ್ಜೆ ಹಿಂದೆ ಒಂದು ಗೆರೆ, ಗೋಣಿ ಎಳೆದ ಹಾಗೆ. ಕಾಲೆಳೆಯುವ ಆನೆ.

ನವೆಂಬರ್ 18, ಸೋಮವಾರ

ನಮ್ಮೂರಲ್ಲಿ ಓಡಾಡುವ ಒಂಟಿ ಆನೆ ಎರಡು ಅಂತ ಫಾರೆಸ್ಟ್ ವಾಚರ್ ಗಂಗಣ್ಣ ಅಂದ. ಒಂದು ದೊಡ್ಡ ದಂತದ್ದು. ಶಾಲೆ ಗಂಟೆ ಹೊಡೆಯೋ ಹೊತ್ತಿಗೆ ಸರಿಯಾಗಿ ರಸ್ತೆ ದಾಟುತ್ತೆ, ಅದಕ್ಕೆ ಊರವರು ಮೇಷ್ಟ್ರು ಅಂತ ಹೆಸರಿಟ್ಟಿದಾರೆ. ಇನ್ನೊಂದಕ್ಕೆ ಕೊಂಬಿಲ್ಲ, ಹಗಲು ಕಾಣೋದೇ ಇಲ್ಲ.

"ಅದು ಹೆಣ್ಣು, ಬಿಡಿ ಸುಧಕ್ಕ. ಪಾಪದ್ದು," ಅಂತ ಗಂಗಣ್ಣನ ಜೊತೆ ಇದ್ದ ಮಂಜೇಶ ಅಂದ.

ಕೊಂಬಿಲ್ಲದ ಗಂಡೂ ಇರುತ್ತೆ, ಮಖನ ಅಂತಾರೆ ಅಂದೆ. ಶ್ರೀಲಂಕಾದಲ್ಲಿ ಗಂಡಾನೆಗೆ ಕೊಂಬು ಇರೋದೇ ಅಪರೂಪ. ಮಂಜೇಶ ನಕ್ಕ. "ಅದು ಅವರ ದೇಶದಲ್ಲಿ. ನಮ್ಮಲ್ಲಿ ಗಂಡಸಿಗೆ ಮೀಸೆ ಇರುತ್ತೆ."

ಇವತ್ತು ಶಾಲೆ ಹತ್ತಿರ ನಿಂತು ಮೇಷ್ಟ್ರನ್ನ ನೋಡಿದೆ. ನಾಲ್ಕು ಕಾಲೂ ಎತ್ತಿ ಎತ್ತಿ ಇಡುತ್ತೆ. ದೂಳಲ್ಲಿ ಹೆಜ್ಜೆ ತಟ್ಟೆ ಒತ್ತಿದ ಹಾಗೆ ಚೊಕ್ಕ. ಗೆರೆ ಇಲ್ಲ.

ನವೆಂಬರ್ 20, ಬುಧವಾರ

ನಾಳೆ ಅರಣ್ಯ ಇಲಾಖೆ ಆಫೀಸರು ಬರ್ತಾರೆ. ಯಾವ ಆನೆ ಅಂತ ಖಚಿತ ಆದರೆ ಮಾತ್ರ ಹಿಡಿಯೋಕೆ ಮೇಲಿನಿಂದ ಒಪ್ಪಿಗೆಯಂತೆ. ಸೊಸೈಟಿ ಅಧ್ಯಕ್ಷ ಕರಿಬಸಪ್ಪನವರು ಮನೆಗೆ ಬಂದು ಹೇಳಿದರು. "ಸುಧಾ, ನೀನು ಹೇಳಿದ್ರೆ ಕೇಳ್ತಾರೆ ಕಣಮ್ಮ. ತರಬೇತಿ ಆದವಳು. ಊರಿನ ಮರ್ಯಾದೆ ನಿನ್ನ ಕೈಲಿದೆ."

ಅವರು ಹೋದ ಮೇಲೆ ಕೊಟ್ಟಿಗೆಯಲ್ಲಿ ಸಗಣಿ ಬಾಚ್ತಿದ್ದೆ. ಅತ್ತಿಗೆ ಬಂದು ಬಾಗಿಲಲ್ಲಿ ನಿಂತರು. ನಾನು ಊರಿಗೆ ಬಂದ ಮೇಲೆ ಇದೇ ಮೊದಲ ಮಾತು.

"ನಾಳೆ ಅದೇ ಅಂತ ಹೇಳು."

"ಯಾವುದು ಅತ್ತಿಗೆ?"

"ದಂತದ್ದು. ಕೂಗು ಕೇಳಿ ನಾನು ಕಿರುಚ್ಕೊಂಡು ಓಡಿಹೋದಾಗ ರಸ್ತೆ ಆಚೆ ನಿಂತಿತ್ತು, ಕಿವಿ ಬೀಸ್ಕೊಂಡು. ನಿಮ್ಮಣ್ಣ ಈಚೆ ಬಿದ್ದಿದ್ರು. ಇನ್ನೂ ಜೀವ ಇತ್ತು ಸುಧಾ. ಅದು ನೋಡ್ತಾನೇ ಇತ್ತು."

ನಿಂತಿದ್ದು ಬೇರೆ, ಮಾಡಿದ್ದು ಬೇರೆ ಇರಬಹುದು ಅಂತ ಬಾಯಿಗೆ ಬಂತು. ಬಾಚಿದ ಸಗಣಿ ಮಂಕರಿಗೆ ತುಂಬಿದೆ. ಅವರು ನನ್ನ ಕೈಯಿಂದ ಮಂಕರಿ ಇಸ್ಕೊಂಡು ತಾವೇ ಹೊತ್ತುಕೊಂಡು ಹೋದರು.

ನಾಳೆ ಆಫೀಸರು ಬರದೇ ಇರಲಿ. ಜೀಪ್ ಕೆಟ್ಟುಹೋಗಲಿ.

ನವೆಂಬರ್ 21, ಗುರುವಾರ

ಜೀಪ್ ಕೆಡಲಿಲ್ಲ.

ಶಾಲೆ ಜಗಲಿ ಮೇಲೆ ಊರೆಲ್ಲ ಸೇರಿತ್ತು. ಆಫೀಸರು ಮೊಬೈಲಲ್ಲಿ ಮೇಷ್ಟ್ರ ಫೋಟೋ ತೋರಿಸಿ, "ಇದೇನಾಮ್ಮ? ಸರಿಯಾಗಿ ನೋಡಿ ಹೇಳಿ, ಒಂದು ಪ್ರಾಣಿ ಜೀವನದ ಪ್ರಶ್ನೆ," ಅಂದರು. ಒಳ್ಳೆಯವರ ಹಾಗೆ ಕಂಡರು. ಅತ್ತಿಗೆ ಕಂಬದ ಹತ್ತಿರ ಸೆರಗು ಹೊದ್ದು ನಿಂತಿದ್ದರು, ನನ್ನನ್ನೇ ನೋಡ್ಕೊಂಡು.

ಹೌದು ಸಾರ್ ಅಂದೆ.

ಹೆಂಗೆ ಹೇಳ್ತೀರಿ ಅಂತ ಕೇಳಿದರು. ಹೆಜ್ಜೆ ನೋಡಿದೀನಿ ಸಾರ್ ಅಂದೆ. ಅದು ಸುಳ್ಳಲ್ಲ. ನೋಡಿದ್ದೀನಿ.

ಒಣಗಿದ ಕೆಸರಲ್ಲಿ ಗೆರೆ ಯಾವುದರಿಂದ ಆಯ್ತೋ ಯಾರು ಕಂಡರು. ಯಾರೋ ಸೌದೆ ಎಳೆದಿರಬಹುದು. ಮೇಷ್ಟ್ರಿಗೆ ಅವತ್ತು ಕಾಲಿಗೆ ಮುಳ್ಳು ಚುಚ್ಚಿರಬಹುದು. ಆಗಲ್ಲ ಅಂತೇನಿಲ್ಲ.

ಮಧ್ಯಾಹ್ನ ಅತ್ತಿಗೆ ನಂಗೆ ಮುದ್ದೆ ಬಡಿಸಿದರು. ಸಾರಿನ ತಳದ ಕಾಳು ಕೆದಕಿ ಹಾಕಿದರು. ಊಟ ಮುಗಿಯೋವರೆಗೂ ಎದುರಿಗೇ ಕೂತಿದ್ದರು.

ಡಿಸೆಂಬರ್ 5, ಗುರುವಾರ

ಹಿಡಿದರು. ಸಾಕಾನೆಗಳು ಲಾರಿಯಲ್ಲಿ ಬಂದಿದ್ದವು. ಅರಿವಳಿಕೆ ಮದ್ದು ತಗುಲಿದ ಮೇಲೆ ಮೇಷ್ಟ್ರು ಸ್ವಲ್ಪ ದೂರ ಓಡಿ, ಕಾಫಿ ಗಿಡದ ಮಧ್ಯೆ ನಿಂತಲ್ಲೇ ನಿದ್ದೆ ಹೋಯ್ತು. ಸೊಂಡಿಲು ನೆಲಕ್ಕೆ ಬಿಟ್ಟುಕೊಂಡು ಗೊರಕೆ. ಹಗ್ಗ ಬಿಗಿಯುವಾಗ ಎಚ್ಚರ ಆಗಿ ಒಂದು ಸಲ ಕೂಗಿತು. ಆನೆ ಕೂಗು ನಾನು ಎಷ್ಟೋ ಕೇಳಿದೀನಿ. ಈ ಥರ ಕೇಳಿಲ್ಲ.

ಶಾಲೆ ಮಕ್ಕಳು "ಮೇಷ್ಟ್ರೇ ಟಾಟಾ" ಅಂದವು. ವನಜಮ್ಮ ಲಾರಿಗೆ ಕೈ ಮುಗಿದಳು, ಆಮೇಲೆ ಉಗಿದಳು. ಎರಡೂ ಮಾಡಿದಳು. ಅತ್ತಿಗೆ ಲಾರಿ ಕಣ್ಣಿಂದ ಮರೆ ಆಗೋವರೆಗೂ ನಿಂತು, ಮನೆಗೆ ಬಂದು, ಒಗೆದಿಟ್ಟಿದ್ದ ಬಟ್ಟೇನೇ ಮತ್ತೆ ಒಗೆದರು.

ಡಿಸೆಂಬರ್ 13, ಶುಕ್ರವಾರ

ಕಾಫಿ ಪಿಕ್ಕಿಂಗ್ ಶುರುವಾಗಿದೆ. ನಾವು ಮೂವರೂ ಅರೇಬಿಕಾ ಬಿಡಿಸ್ತಿದೀವಿ. ಬೆಳಗಿನ ಫೋನು ಈಗ ಯಾರಿಗೂ ಬೇಡ. ಒಂದೆರಡು ಮನೆಗೆ ಮಾಡಿದರೆ, "ಹಿಡಿದಾಯ್ತಲ್ಲವ್ವ, ಇನ್ನೇನು, ಮಲಗಕ್ಕೆ ಬಿಡು," ಅಂದರು. ಮಬ್ಬಿಗೇ ಎದ್ದು ಎಲ್ಲರೂ ತೋಟಕ್ಕೆ ಹೋಗ್ತಾರೆ. ಹಾಲಿಗೆ ಅತ್ತಿಗೆ ಹೋಗ್ತಾರೆ, ಅಣ್ಣನ ಕ್ಯಾನು ತಗೊಂಡು.

ಇತ್ತೀಚೆಗೆ ನಂಗೆ ನಿದ್ದೆ ಚೆನ್ನಾಗಿ ಬರ್ತಿದೆ. ಚಿಲಕ ಒಂದೇ ಸಲ ನೋಡೋದು. ಅವ್ವ ಕೂಡ ಅಂದಳು, ಫಾರಿನ್ ನೀರು ಕುಡಿದು ಗಟ್ಟಿಯಾಗಿದೀಯ ಅಂತ.

ಡಿಸೆಂಬರ್ 23, ಸೋಮವಾರ

ಸೋಮವಾರ ಸೋಮವಾರ ಅತ್ತಿಗೆ ಅಣ್ಣನ ಸಮಾಧಿಗೆ ಪತ್ರೆ ವಿಭೂತಿ ತಗೊಂಡು ಹೋಗ್ತಾರೆ. ನಮ್ಮ ತೋಟದ ಮೇಲಿನ ಅಂಚಲ್ಲೇ ಇದೆ, ಹಲಸಿನ ಮರದ ಕೆಳಗೆ. ಇವತ್ತು ಬೇಗ ಬಂದುಬಿಟ್ಟರು, ಮುಖ ಬೇರೆ ಥರ ಇತ್ತು. ಅಳ್ತಿದ್ದರೋ ನಗ್ತಿದ್ದರೋ ಗೊತ್ತಾಗಲಿಲ್ಲ.

"ಅವಳು ಬಂದಿದ್ಲು ಸುಧಾ. ಕೊಂಬಿಲ್ಲದವಳು."

"ಎಲ್ಲಿಗೆ?"

"ಸಮಾಧಿ ಹತ್ರ. ತಲೆ ತಗ್ಗಿಸ್ಕೊಂಡು ನಿಂತಿದ್ಲು. ಕಾಲಲ್ಲಿ ಮೆಲ್ಲಗೆ ಮಣ್ಣು ಕೆರೀತಾಳೆ, ಸೊಂಡಿಲಲ್ಲಿ ಮುಟ್ತಾಳೆ, ಬಾಯಿಗಿಟ್ಕೊಳ್ತಾಳೆ. ಮಣ್ಣು ತಿಂದು ಹರಕೆ ಒಪ್ಪಿಸ್ತಾರಲ್ಲ, ಹಂಗೆ. ಮೇಷ್ಟ್ರು ಅವಳ ಗಂಡನಂತೆ, ಕರಿಬಸಪ್ಪಣ್ಣ ಹೇಳ್ತಿದ್ರು. ಗಂಡ ಮಾಡಿದ್ದಕ್ಕೆ ತಪ್ಪಾಯ್ತು ಅನ್ನಕ್ಕೆ ಬಂದಿದಾಳೆ." ವಿಭೂತಿ ತಟ್ಟೆ ಕೆಳಗಿಟ್ಟು ಅಂದರು. "ಅವಳ ಗಂಡನ್ನೂ ನಾವು ಕಿತ್ಕೊಂಡ್ವಿ."

ನಂಗೆ ಉಪ್ಪು ನೆನಪಾಯ್ತು.

ನಮ್ಮಲ್ಲಿ ಸತ್ತವರನ್ನ ಕೂರಿಸಿ ಮಣ್ಣು ಮಾಡೋದು. ಗುಣಿಗೆ ವಿಭೂತಿ, ಪತ್ರೆ, ಉಪ್ಪು. ಅಣ್ಣನಿಗೆ ಮೂಟೆ ಉಪ್ಪು ಸುರಿದರಂತೆ, ಅವ್ವ ಹೇಳಿದ್ದಳು. ಶ್ರೀಲಂಕಾದಲ್ಲಿ ಒಂದು ಅಜ್ಜಿ ಮನೆ ಅಡುಗೆಕೋಣೆ ಗೋಡೆ ಆನೆ ಬೀಳಿಸಿತ್ತು. ಅನ್ನ ಮುಟ್ಟಿರಲಿಲ್ಲ, ಉಪ್ಪಿನ ಜಾಡಿ ಮಾತ್ರ ನೆಕ್ಕಿ ಹೋಗಿತ್ತು. ಗುಣಿ ಮುಚ್ಚುವಾಗ ಮೇಲಿನ ಮಣ್ಣಿಗೂ ಉಪ್ಪು ಬೆರೆತಿರುತ್ತೆ.

ಅತ್ತಿಗೆ ಹಸುವಿಗೆ ಹುಲ್ಲು ಹಾಕಲು ಹೋದ ಮೇಲೆ ನಾನು ಓಡಿಹೋಗಿ ನೋಡಿದೆ. ಹೆಜ್ಜೆ. ಹೆಜ್ಜೆ ಹಿಂದೆ ಗೆರೆ.

ಕಾಫಿ ರೆಂಬೆ ಮುರಿದು ಗುಡಿಸಿಬಿಟ್ಟೆ. ಅತ್ತಿಗೆಗೆ ಸುಮ್ಮನೆ ಯಾಕೆ ಹೆದರಿಕೆ.

ಡಿಸೆಂಬರ್ 31, ಮಂಗಳವಾರ

ಬೆಳಿಗ್ಗೆ ಅತ್ತಿಗೆಗಿಂತ ಮುಂಚೆ ಎದ್ದು ತಿರುವಿನವರೆಗೂ ಹೋಗಿ ಬರ್ತೀನಿ. ಪೊರಕೆ ಮೋರಿ ಕೆಳಗೆ ಇಟ್ಟಿದೀನಿ. ಹೆಚ್ಚು ಕೆಲಸ ಇಲ್ಲ.

ಗಂಗಣ್ಣ ಸಿಕ್ಕಿದ್ದ. "ಸುಧಕ್ಕ, ನಿಮ್ಮ ಕಡೆ ಹೆಜ್ಜೆ ಏನಾದ್ರೂ?"

ಇಲ್ಲ ಅಂದೆ.

"ನಿಮ್ಮಿಂದ ನಮಗೆ ಒಂದು ಕೆಲಸ ಕಮ್ಮಿ," ಅಂದ.

ಜನವರಿ 4, ಶನಿವಾರ

ಅತ್ತಿಗೆ ಬಾಳೆದಿಂಡು ಸೀಳಿ ಸಮಾಧಿ ಹತ್ತಿರ ಇಟ್ಟು ಬರ್ತಿದಾರೆ. ಬೆಲ್ಲದ ಅಚ್ಚು ಕೂಡ. ಬೇಡ ಅತ್ತಿಗೆ, ಕಾಡುಪ್ರಾಣಿ ಅಂದೆ.

"ನೀನೇ ಅಲ್ವಾ ಹೇಳ್ತಿದ್ದೋಳು, ಅವೂ ನಮ್ಮಂಗೇ ಅಂತ."

ಹೇಳಿದ್ದು ಹೌದು. ಹೋಗುವ ಮುಂಚೆ ಊರಿಗೆಲ್ಲ ಹೇಳ್ತಿದ್ದೆ.

ಅವರು ಈಗ ಸರಿಯಾಗಿ ಊಟ ಮಾಡ್ತಾರೆ. ನಿನ್ನೆ ಅವ್ವನ ತಲೆಗೆ ಎಣ್ಣೆ ಹಚ್ಚುವಾಗ ಏನೋ ಗುನುಗ್ತಿದ್ದರು. ಬಾಯಿ ತೆಗೆದು ಹೇಳಿಬಿಟ್ಟರೆ ಇದೆಲ್ಲ ಹೋಗುತ್ತೆ. ಪಿಕ್ಕಿಂಗ್ ಮುಗೀಲಿ. ಆಮೇಲೆ ಅದು ತಾನೇ ಹಾಸನದ ಕಡೆ ಹೋಗಬಹುದು. ಉಪ್ಪು ಮುಗಿದರೆ ಬರೋದೂ ಇಲ್ಲ.

ಜನವರಿ 11, ಶನಿವಾರ

ಇವತ್ತು ಮಧ್ಯಾಹ್ನ.

ಅತ್ತಿಗೆ ಎಲ್ಲಿ ಅಂತ ಹುಡುಕ್ಕೊಂಡು ಮೇಲಿನ ತೋಟಕ್ಕೆ ಹೋದೆ. ಹಲಸಿನ ಮರದ ಕೆಳಗೆ ಅದು ನಿಂತಿತ್ತು. ಹಗಲಲ್ಲೇ. ಅತ್ತಿಗೆ ಅದರ ಎದುರಿಗೆ, ಒಂದು ಕೊಟ್ಟಿಗೆ ಉದ್ದದಷ್ಟು ದೂರ ಇರಬಹುದು, ದಿಂಡು ಕೈಯಲ್ಲೇ ಹಿಡಿದು ನಿಂತಿದ್ದರು. ಹತ್ತಿರ ಬಾ ಅಂತ ಕರೀತಿದ್ದರು, ಹಸು ಕರೆಯೋ ಥರ, "ಬಾರವ್ವ, ಬಾ," ಅಂತ.

ಅದರ ಕಿವಿಯ ಮುಂದೆ, ಕೆನ್ನೆ ಮೇಲೆ ಎಣ್ಣೆ ಸುರಿದ ಹಾಗೆ ಒದ್ದೆ. ಮದ. ಗಾಳಿಯಲ್ಲಿ ವಾಸನೆ ಬಂತು. ಹೆಣ್ಣಾಗಿದ್ದರೆ ಹೀಗೆ ಒಸರೋದಿಲ್ಲ.

ನಂಗೆ ಕೂಗೋಕೆ ಆಗಲಿಲ್ಲ, ಕೂಗಿದರೆ ನುಗ್ಗುತ್ತೆ. ಓಡೋಕೂ ಆಗಲಿಲ್ಲ. ಮೆಲ್ಲಗೆ ಹೋಗಿ ಅತ್ತಿಗೆ ಸೊಂಟಕ್ಕೆ ಕೈ ಹಾಕಿ ಹಿಂದಕ್ಕೆ ಎಳ್ಕೊಂಡೆ. ದಿಂಡು ಬಿತ್ತು. ಅದು ಎರಡು ಹೆಜ್ಜೆ ಮುಂದೆ ಬಂತು, ನಿಂತಿತು, ಕಿವಿ ಅಗಲಿಸಿತು. ನಾವು ಹಿಂದೆ ಹಿಂದೆ ಹೋಗಿ ಮೆಣಸಿನ ಬಳ್ಳಿ ಹಬ್ಬಿದ ಸಿಲ್ವರ್ ಮರದ ಸಾಲಿಗೆ ಸೇರಿಕೊಂಡ್ವಿ. ಅದು ದಿಂಡು ಮುಟ್ಟಲಿಲ್ಲ. ಸಮಾಧಿ ಮಣ್ಣು ಕಾಲಲ್ಲಿ ಕೆರೆದು ಬಾಯಿಗೆ ಹಾಕ್ಕೊಂಡಿತು.

"ಏನೇ ನಿನ್ನ ಭಯ," ಅಂತ ಅತ್ತಿಗೆ ನನ್ನ ಕೈ ಕೊಡವಿದರು. "ಪಾಪ, ಹೆದರ್ಕೊಂಡ್ಲು."

ಅದು ಹೊರಟಾಗ ಹಿಂಗಾಲು ಎಳೆದುಕೊಂಡು ಹೋಯ್ತು. ಗೆರೆ ನಮ್ಮಿಬ್ಬರ ಮುಂದೇನೇ ಮೂಡ್ತಾ ಹೋಯ್ತು.

ಜನವರಿ 14, ಮಂಗಳವಾರ

ಸಂಕ್ರಾಂತಿ. ಈ ವರ್ಷ ನಮಗೆ ಹಬ್ಬ ಇಲ್ಲ. ವನಜಮ್ಮನ ಮನೆಯಿಂದ ಎಳ್ಳು ಕೊಡಲೂ ಬರಲಿಲ್ಲ, ಸರಿ.

ಹೇಳಿದೆ.

ಅವ್ವ ಮಲಗಿದ್ದಳು. ಅತ್ತಿಗೆ ಕಣದಲ್ಲಿ ಕಾಫಿ ಹರವ್ತಿದ್ದರು. ನಾನು ಎದುರಿಗೆ ಕೂತು ಹಣ್ಣಿನಲ್ಲಿರೋ ಎಲೆ ಆರಿಸ್ತಾ ಆರಿಸ್ತಾ ಹೇಳಿದೆ. ಅದು ಹೆಣ್ಣಲ್ಲ. ಅಣ್ಣ ಬಿದ್ದ ಜಾಗದಲ್ಲಿ ಇದ್ದ ಹೆಜ್ಜೆ ಅದರದ್ದು. ಅದು ಬರೋದು ಉಪ್ಪಿಗೆ. ಮೇಷ್ಟ್ರಲ್ಲ ಅಂತ ನಂಗೆ ಅವತ್ತೇ ಗೊತ್ತಿತ್ತು. ಇಷ್ಟು ದಿನ ಗೆರೆ ಗುಡಿಸಿದ್ದೂ ನಾನೇ.

ಅತ್ತಿಗೆ ಕಾಫಿ ಹರವೋ ಮಣೆ ನಿಲ್ಲಿಸಲಿಲ್ಲ. ಕಣದ ಆ ತುದಿವರೆಗೂ ಹೋದರು, ವಾಪಸ್ ಬಂದರು. ಇನ್ನೊಂದು ಸಲ ಹೋದರು.

"ನಾನು ಅದಕ್ಕೆ ಬೆಲ್ಲ ಕೊಟ್ಟೆ," ಅಂದರು.

ನಾನು ಎಲೆ ಆರಿಸ್ತಾನೇ ಇದ್ದೆ.

"ನಿಮ್ಮಣ್ಣನ ಮೇಲೆ ಕಾಲಿಟ್ಟ ಪ್ರಾಣಿಗೆ, ನಿಮ್ಮಣ್ಣನ ತಲೆ ಹತ್ರ ನಿಂತು, ನಾನು ಬೆಲ್ಲ ಕೊಟ್ಟೆ. ನೀನು ಗೊತ್ತಿದ್ದೂ ನೋಡ್ತಾ ಇದ್ದೆ."

ಹೂಂ ಅಂದೆ.

"ಮತ್ತೆ ಆ ಇನ್ನೊಂದು?"

"ಅದು ಏನೂ ಮಾಡಿರಲಿಲ್ಲ ಅತ್ತಿಗೆ. ಅಣ್ಣ ಬಿದ್ದ ಮೇಲೆ ಬಂದಿರಬಹುದು. ಬಿದ್ದೋರ ಹತ್ರ ನಿಲ್ತಾವೆ ಕೆಲವು."

ಅವರು ಮಣೆ ಗೋಡೆಗೆ ಒರಗಿಸಿಟ್ಟು ಒಳಗೆ ಹೋದರು. ಕಾಫಿ ಅರ್ಧ ಹಾಗೇ ರಾಶಿ ಬಿದ್ದಿತ್ತು. ನಾನು ಹರವಿದೆ.

ಜನವರಿ 17, ಶುಕ್ರವಾರ

ನಿನ್ನೆ ಮೊನ್ನೆ ಹಾಲು ಹಾಕೋಕೆ ಇಬ್ಬರೂ ಡೈರಿಗೆ ಹೋಗಲಿಲ್ಲ, ಅತ್ತಿಗೆ ಹಾಲು ಕರುವಿಗೇ ಬಿಟ್ಟರು. ಇವತ್ತು ಬೆಳಿಗ್ಗೆ ಸೀರೆ ಉಟ್ಕೊಂಡು ಬಂದು, "ನಡಿ, ಅದನ್ನ ನೋಡ್ಬೇಕು," ಅಂದರು.

ಕುಶಾಲನಗರದಲ್ಲಿ ಬಸ್ಸು ಬದಲಾಯಿಸಿ ಆನೆ ಕ್ಯಾಂಪಿಗೆ ಹೋದ್ವಿ. ಒಳಗೆ ಬಿಡಲ್ಲ ಅಂದರು. ಅತ್ತಿಗೆ, "ಅದು ಕೊಂದಿದೆ ಅಂತೀರಲ್ಲ, ಅವರ ಹೆಂಡತಿ ನಾನು," ಅಂದ ಮೇಲೆ ಬಿಟ್ಟರು.

ದಪ್ಪ ದಿಮ್ಮಿ ಅಡ್ಡಡ್ಡ ಪೇರಿಸಿ ದೊಡ್ಡಿ ಮಾಡಿದಾರೆ. ತಿರುಗೋಕೂ ಜಾಗ ಇಲ್ಲ. ಮೇಷ್ಟ್ರು ಅದರೊಳಗೆ ಅರ್ಧಕ್ಕರ್ಧ ಸೊರಗಿಹೋಗಿದೆ. ಹಣೆ ದಿಮ್ಮಿಗೆ ತಿಕ್ಕಿ ತಿಕ್ಕಿ ಚರ್ಮ ಕಿತ್ತು, ಮೇಲೆ ಅರಿಶಿನ ಬಣ್ಣದ ಮುಲಾಮು. ತಲೆ ಆ ಕಡೆ ಈ ಕಡೆ ತೂಗ್ತಾನೇ ಇತ್ತು, ನಿಲ್ಲಿಸಲಿಲ್ಲ.

"ಮೊದಲು ತುಂಬ ಹಠ ಅಕ್ಕ," ಅಂದ ಮಾವುತ. "ಈಗ ಮಾತು ಕೇಳುತ್ತೆ. ಹೆಸರೂ ಇಟ್ಟಾಯ್ತು, ವಸಂತ ಅಂತ. ಒಳ್ಳೆ ಆನೆ ಆಗುತ್ತೆ. ಮುಂದೆ ಬೇರೆ ಆನೆ ಹಿಡಿಯಕ್ಕೆ ಇದನ್ನೇ ಕಳಿಸ್ತಾರೆ."

"ವಾಪಸ್ ಬಿಡಲ್ವಾ?" ಅತ್ತಿಗೆ ಕೇಳಿದರು.

"ಬಿಟ್ರೆ ಎಲ್ಲಿಗೆ ಹೋಗುತ್ತೆ? ಆಳು ಕೊಂದಿದ್ದು ಅಂತ ನಿಮ್ಮೂರವರೇ ಹೇಳಿದಾರೆ."

"ಹಂಗಂತ ಹೇಳಿದ್ವಿ," ಅಂದರು ಅತ್ತಿಗೆ.

ಹೇಳಿದ್ವಿ ಅಂದರು. ಹೇಳಿದಳು ಅನ್ನಲಿಲ್ಲ.

ಆಫೀಸರು ಅಲ್ಲಿರಲಿಲ್ಲ. ಭಾನುವಾರ ನಮ್ಮೂರಿಗೇ ಬರ್ತಾರೆ, ಶಾಲೆ ಹತ್ತಿರ ಸಭೆ. ಕರಿಬಸಪ್ಪನವರು ಅವರಿಗೆ ಶಾಲು ಹೊದಿಸ್ತಾರಂತೆ, ನಂಗೂ ಒಂದು ಶಾಲು ತರಿಸಿದಾರಂತೆ.

ಬರುವಾಗ ಬಸ್ಸಲ್ಲಿ ಅತ್ತಿಗೆ ಕಿಟಕಿ ಪಕ್ಕ, ನಾನು ಹಿಂದಿನ ಸೀಟಲ್ಲಿ. ಅವರ ಪಕ್ಕ ಜಾಗ ಇತ್ತು. ಊರ ಹೊರಗೆ ಇಳಿದಾಗ ಸೂರ್ಯ ಮುಳುಗಿತ್ತು, ಇನ್ನೂ ಬೆಳಕಿತ್ತು. ಡೈರಿ ಬಾಗಿಲು ಹಾಕಿತ್ತು. ತಿರುವಿಗೆ ಮುಂಚೆ ಇಬ್ಬರೂ ನಿಂತ್ವಿ. ಮದದ ವಾಸನೆ ಇತ್ತು, ಕಮ್ಮಿ. ಎಲ್ಲಿಂದ ಅಂತ ಗೊತ್ತಾಗಲಿಲ್ಲ. ಬೇರೆ ದಾರಿ ಇಲ್ಲ, ಮನೆಯಲ್ಲಿ ಅವ್ವ ಒಬ್ಬಳೇ.

ನಾನು ಮುಂದೆ ಹೋಗ್ತೀನಿ, ನೀವು ದೂರ ಬನ್ನಿ ಅಂದೆ. ಎರಡು ಹೆಜ್ಜೆ ಇಟ್ಟಿದ್ದೆ. ಅತ್ತಿಗೆ ನನ್ನ ತೋಳು ಹಿಡಿದು, ನೋವಾಗೋ ಹಾಗೆ ಹಿಡಿದು, ಹಿಂದಕ್ಕೆ ತಳ್ಳಿದರು.

"ನೀನು ಹಿಂದೆ ಬಾ. ಭಾನುವಾರ ಆಫೀಸರಿಗೆ ನಿಜ ಹೇಳಕ್ಕೆ ನೀನು ಇರಬೇಕು."

ಸೆರಗು ಸೊಂಟಕ್ಕೆ ಸಿಕ್ಕಿಸಿ ಅವರೇ ಮುಂದೆ ಹೋದರು.